ಜೋಡಿಸುವ ಕೈಗಳಿಗೆ ರೂಪಿಸುವ ವಿದ್ಯೆ

ಹೊಸೂರು, ಡೆಂಕಣಿಕೋಟೆ, ತಳಿ ಪ್ರದೇಶಗಳು 1965ರವರೆಗೆ ಸೇಲಂ ಜಿಲ್ಲೆಗೂ ತರುವಾಯ 2004ರವರೆಗೆ ಧರ್ಮಪುರಿ ಜಿಲ್ಲೆಗೂ ಸೇರಿದ್ದು, ಇಂದು ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಜಿಲ್ಲೆಯ ಹೆಸರು ಬದಲಾದರೂ ಇಲ್ಲಿಯ ಹಲವು ಕನ್ನಡ ಮನೆಗಳಲ್ಲಿ ಒಂದು ಮಾತು ಬದಲಾಗಿಲ್ಲ: “ಹೆಣ್ಣುಮಗುವಿಗೆ ಹತ್ತನೆಯ ತರಗತಿ ಸಾಕು.” ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ಆ ಮಾತನ್ನು ಕೈಬಿಡಬೇಕೆಂಬುದು ನನ್ನ ವಿನಮ್ರ ಅಭಿಮತ.

ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್ ಎಂದು ಗೌರವಿಸಲ್ಪಡುವ ಡಾ. ರಾಜೇಶ್ವರಿ ಚಟರ್ಜಿಯವರ ಜೀವನ ಇಲ್ಲಿ ಸ್ಮರಣೀಯ. 1922ರಲ್ಲಿ ಜನಿಸಿದ ಅವರ ಪ್ರಾಥಮಿಕ ವಿದ್ಯಾಭ್ಯಾಸ ನಡೆದದ್ದು ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಪದವಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಹಡಗೇರಿ ಅಮೆರಿಕಕ್ಕೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾನಿಲಯದ ಪಿಎಚ್.ಡಿ.ಯೊಂದಿಗೆ 1953ರಲ್ಲಿ ಮರಳಿ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆ ನಡೆಸಿದರು. 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ನೀಡಿದರು. 1982ರಲ್ಲಿ ನಿವೃತ್ತರಾದ ಬಳಿಕ ಮಹಿಳಾ ಅಧ್ಯಯನದಲ್ಲಿ ತೊಡಗಿ, 2010ರಲ್ಲಿ ನಿಧನರಾದರು.

ಇಂದಿನ ಮೊಬೈಲ್ ಫೋನು ಗೋಪುರದೊಡನೆ ಸಂಪರ್ಕಿಸುವುದು ಅಂಥ ಮೈಕ್ರೋವೇವ್ ತರಂಗಗಳಿಂದಲೇ. ಆ ಫೋನಿನ ಭಾಗಗಳನ್ನು ಹೊಸೂರಿನ ಕಡೆಯ ಕಾರ್ಖಾನೆಯಲ್ಲಿ ತಯಾರಿಸುತ್ತಿರುವವರಲ್ಲಿ ತರುಣಿಯರೇ ಬಹುಸಂಖ್ಯಾತರು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಂದಂದಿನಿಂದ, ಚಿಪ್ ವಿನ್ಯಾಸದ ಕಾರ್ಯ ಬೆಳೆದುಬಂದಿದೆ. ಕಾರ್ಖಾನೆಯ ದುಡಿಮೆ ಗೌರವದ ದುಡಿಮೆ; ಅದರ ಸಂಬಳದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಆದರೆ ಜೋಡಿಸುವ ಮೇಜಿನಿಂದ ವಿನ್ಯಾಸದ ಮೇಜಿಗೆ ಇರುವ ಅಂತರ 40 ಕಿಲೋಮೀಟರ್ ಅಲ್ಲ. ಅದು ಹತ್ತನೆಯ ತರಗತಿಯ ನಂತರದ ಆರು ವರ್ಷಗಳ ಓದು.

ಕನ್ನಡ ಮಾಧ್ಯಮದ ಬಾಲಕಿ ಎಡವುವುದು ಈ ಆರು ವರ್ಷಗಳ ಹೊಸ್ತಿಲಲ್ಲೇ. ಹನ್ನೊಂದನೆಯ ತರಗತಿಯ ವಿಜ್ಞಾನ ಬೇರೆ ಭಾಷೆಯಲ್ಲಿ ಎದುರಾದಾಗ ಅವಳಿಗೆ ಕಷ್ಟವಾಗುವುದು ಪಾಠಕ್ಕಿಂತ ಹೆಚ್ಚಾಗಿ ಪರಿಭಾಷೆ. ಆದ್ದರಿಂದ ನಮ್ಮ ಹಳೆಯ ವಿದ್ಯಾರ್ಥಿಗಳು ಎರಡು ಕಾರ್ಯ ಕೈಗೊಳ್ಳಲಿ. ಬೇಸಿಗೆ ರಜೆಯಲ್ಲಿ ಗಣಿತ, ಭೌತಶಾಸ್ತ್ರಗಳ ಪಾರಿಭಾಷಿಕ ಪದಗಳನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಕಲಿಸುವ ತರಗತಿ ನಡೆಸುವುದು. ಪ್ರತಿವರ್ಷ ಒಬ್ಬ ಬಾಲಕಿಯ ಇಂಜಿನಿಯರಿಂಗ್ ಓದಿನ ವೆಚ್ಚಕ್ಕೆ ನಿಧಿ ಕೂಡಿಸುವುದು.

ಕಮಲಮ್ಮನವರು ಶಾಲೆ ಕಟ್ಟಿದ್ದರಿಂದ ಮೊಮ್ಮಗಳಿಗೆ ದಾರಿಯಾಯಿತು. ನಮ್ಮ ಹಿರಿಯರೂ ಶಾಲೆ ಕಟ್ಟಿಕೊಟ್ಟಿದ್ದಾರೆ. ಅದರ ಬಾಗಿಲಾಚೆಗಿನ ದಾರಿಯನ್ನು ಕಟ್ಟಿಕೊಡುವ ಹೊಣೆ ನಮ್ಮದು.