ಹಸಿವು ಅವನದು, ಒಲೆ ಮಾತ್ರ ಅವಳದೇ?



ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಈ ಮಾತು ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಲಹಾ ಕೇಂದ್ರಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಮದುವೆಯಾಗಿ ಎರಡು ವರ್ಷ, ಕಂಕುಳಲ್ಲಿ ಏಳು ತಿಂಗಳ ಕೂಸು, ಬೆನ್ನ ತುಂಬ ಬಾಸುಂಡೆ. ಗಂಡನನ್ನೂ ಅತ್ತೆಯನ್ನೂ ಕರೆಸಿದೆವು. ಯಾಕಪ್ಪಾ ಹೊಡೆದೆ ಎಂದು ಕೇಳಿದರೆ ಅವನು ತಲೆ ತಗ್ಗಿಸಲಿಲ್ಲ. "ಮೇಡಂ, ಇವಳಿಗೆ ನೆಟ್ಟಗೆ ಒಂದು ಸಾರು ಮಾಡೋಕೆ ಬರಲ್ಲ. ಒಂದು ದಿನ ಉಪ್ಪಿಲ್ಲ, ಒಂದು ದಿನ ಬರೀ ಉಪ್ಪು. ದುಡಿದು ಬಂದವನು ಎಷ್ಟು ದಿನ ತಡ್ಕೊಳ್ಳಲಿ?" ಎಂದ. ನಮ್ಮಲ್ಲೊಬ್ಬಳು, "ನಿಮಗೆ ಸಾರು ಮಾಡೋಕೆ ಬರುತ್ತಾ?" ಎಂದು ಕೇಳಿದಳು. ಅವನು ನಕ್ಕುಬಿಟ್ಟ. ಅವನ ತಾಯಿ ನಗಲಿಲ್ಲ, ಹೆಮ್ಮೆಯಿಂದ ಹೇಳಿದರು: "ನಮ್ಮ ಹುಡುಗ ಒಂದು ಲೋಟ ನೀರು ತಗೊಂಡು ಕುಡಿದವನಲ್ಲಮ್ಮಾ."

ಹುಡುಗಿಯ ಅಪ್ಪನೂ ಬಂದಿದ್ದರು. ಅವರ ಚಿಂತೆಯೇ ಬೇರೆ. "ಅಳಿಯಂದಿರಿಗೆ ಊಟಕ್ಕೆ ತೊಂದರೆ ಆಗ್ತಿದೆಯಂತೆ. ಹೇಗಾದರೂ ಮಾಡಿ ಕಳಿಸಿಬಿಡಿ" ಎಂದರು.

ಕಳಿಸಿದೆವು. ಮುಚ್ಚಳಿಕೆ ಬರೆಸಿದೆವು. ಗಂಡ ಇನ್ನು ಮುಂದೆ ಕೈ ಮಾಡತಕ್ಕದ್ದಲ್ಲ. ತವರಿನಿಂದ ಹಣ ತಾ ಎಂದು ಪೀಡಿಸತಕ್ಕದ್ದಲ್ಲ. ಅದರ ಕೆಳಗೆ, ಎರಡೂ ಕಡೆಯವರಿಗೆ ಸಮಾಧಾನವಾಗಲಿ ಎಂದು ಇನ್ನೊಂದು ಸಾಲು: ಹೆಂಡತಿ ಹೊತ್ತಿಗೆ ಸರಿಯಾಗಿ ಅಡುಗೆ ಮಾಡತಕ್ಕದ್ದು. ಬರೆದ ಕೈ ನನ್ನದು. ನಾಲ್ಕೇ ತಿಂಗಳಲ್ಲಿ ಆಕೆ ಮುರಿದ ಮೊಣಕೈಗೆ ಪಟ್ಟಿ ಹಾಕಿಸಿಕೊಂಡು ಮತ್ತೆ ಬಂದಳು. ಗಂಡ ಈ ಸಲ ಮುಚ್ಚಳಿಕೆಯ ಪ್ರತಿ ಹಿಡಿದುಕೊಂಡೇ ಬಂದಿದ್ದ. "ನೋಡಿ ಮೇಡಂ, ಷರತ್ತು ಮೊದಲು ಮುರಿದವಳು ಇವಳು" ಎಂದು ನಾನು ಬರೆದ ಸಾಲನ್ನು ನನಗೇ ತೋರಿಸಿದ.

ಆ ಸಾಲಿನಲ್ಲಿ ನಾವು ಒಪ್ಪಿಕೊಂಡಿದ್ದೇನು? ಅವನ ಹಸಿವಿಗೆ ಅವಳು ಹೊಣೆ. ಹೊಣೆ ತಪ್ಪಿದರೆ ದೂರು ಹೇಳುವ ಹಕ್ಕು ಅವನದು. ದೂರಿನಿಂದ ಹೊಡೆತಕ್ಕೆ ಎಷ್ಟು ದೂರ? ಒಂದು ಕೈಯಳತೆ!

ಅಡುಗೆಯ ಮಾತು ಸಣ್ಣದು, ವರದಕ್ಷಿಣೆ ಸಾವಿನಂಥ ದೊಡ್ಡ ವಿಷಯಗಳಿರುವಾಗ ಗಂಡಸರು ಅನ್ನ ಬೇಯಿಸುವುದು ಕಲಿಯಬೇಕೋ ಬೇಡವೋ ಎಂಬ ಚರ್ಚೆ ಯಾಕೆ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಅವರಿಗೆ ಪಂಢರಪುರದ ಒಂದು ಪ್ರಕರಣ ನೆನಪಿಸುತ್ತೇನೆ. 2013ರ ಡಿಸೆಂಬರ್‌ನ ಒಂದು ದಿನ, ಚಹಾ ಮಾಡಿಕೊಡದೆ ಮನೆಯಿಂದ ಹೊರಟಳೆಂದು ಗಂಡನೊಬ್ಬ ಹೆಂಡತಿಯ ತಲೆಗೆ ಸುತ್ತಿಗೆಯಿಂದ ಹೊಡೆದ. ಆಸ್ಪತ್ರೆಗೆ ಸೇರಿಸುವ ಮೊದಲು ರಕ್ತ ಒರೆಸುವುದರಲ್ಲಿ ಹೊತ್ತು ಕಳೆದ. ಅವಳು ಬದುಕಲಿಲ್ಲ. ಕಂಡದ್ದನ್ನು ನ್ಯಾಯಾಲಯಕ್ಕೆ ಹೇಳಿದವಳು ಅವರ ಪುಟ್ಟ ಮಗಳು. ಅವನಿಗಾದ ಹತ್ತು ವರ್ಷಗಳ ಶಿಕ್ಷೆಯನ್ನು 2021ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು. ಅವನ ಪರವಾಗಿ ಹೂಡಿದ ವಾದ ಕೇಳಿ: ಚಹಾ ಮಾಡಿಕೊಡಲು ಒಪ್ಪದೆ ಅವಳೇ ಅವನನ್ನು ಕೆರಳಿಸಿದಳಂತೆ! ಹೆಂಡತಿ ಗಂಡನ ಸ್ವತ್ತಲ್ಲ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಆದರೆ ಅಂಥ ವಾದವನ್ನು ಹೈಕೋರ್ಟಿನ ಮುಂದೆ ಇಡಬಹುದು ಎಂಬ ಧೈರ್ಯ ಎಲ್ಲಿಂದ ಬಂತು? ಒಂದು ಲೋಟ ಚಹಾ! ನೀರು, ಹಾಲು, ಸಕ್ಕರೆ, ಪುಡಿ. ಐದು ನಿಮಿಷದ ಕೆಲಸ.

ದೂರದ ಮಾತು ಬೇಡ, ನಮ್ಮಲ್ಲಿಗೇ ಬನ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಯಾವ ಯಾವ ಕಾರಣಕ್ಕೆ ಸರಿ ಎಂದು ಜನರನ್ನು ಕೇಳಿದರು. ಆ ಏಳು ಕಾರಣಗಳ ಪಟ್ಟಿಯಲ್ಲಿ 'ಸರಿಯಾಗಿ ಅಡುಗೆ ಮಾಡದಿದ್ದರೆ' ಎಂಬುದೂ ಒಂದು. ಏಳರಲ್ಲಿ ಒಂದಾದರೂ ಕಾರಣಕ್ಕೆ ಹೊಡೆಯುವುದು ಸರಿಯೇ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 82ರಷ್ಟು. ಹೆಂಗಸರಲ್ಲಿ? ಶೇ. 77ರಷ್ಟು. ಬೈದುಕೊಳ್ಳುವ ಮುನ್ನ ಯೋಚಿಸೋಣ, ಆ ಮುಚ್ಚಳಿಕೆಯ ಸಾಲು ಬರೆದಾಗ ನಾನೂ ಇವರ ಸಾಲಿನಲ್ಲೇ ನಿಂತಿದ್ದೆ. ಅದೇ ಸಮೀಕ್ಷೆಯಲ್ಲಿ ಗಂಡನ ಹಿಂಸೆಯನ್ನು ಅನುಭವಿಸಿದ್ದೇವೆ ಎಂದ ವಿವಾಹಿತೆಯರ ಪ್ರಮಾಣ ನಮ್ಮ ರಾಜ್ಯದಲ್ಲಿ ಶೇ. 44.

ವರದಕ್ಷಿಣೆಗೂ ಅಡುಗೆಮನೆಗೂ ಇರುವ ನಂಟನ್ನು ನಾವು ಮರೆಯುವಂತಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡುವ ಸಾಮಾನಿನ ಪಟ್ಟಿ ನೋಡಿ. ಪಾತ್ರೆ ಪಡಗ, ಕುಕ್ಕರ್, ಮಿಕ್ಸಿ, ಗ್ರೈಂಡರ್, ಗ್ಯಾಸ್ ಒಲೆ. ಇಡೀ ಅಡುಗೆಮನೆಯನ್ನೇ ಲಾರಿಗೆ ತುಂಬಿ, ಅದನ್ನು ನಡೆಸುವ ಕೈಗಳನ್ನೂ ಜೊತೆಗೆ ಕಳಿಸುತ್ತೇವೆ. ಒಲೆಯನ್ನೂ ಅವಳೇ ತರಬೇಕು, ಒಲೆಯ ಮುಂದೆ ಅವಳೇ ನಿಲ್ಲಬೇಕು, ಒಲೆ 'ಸಿಡಿದರೆ' ಅವಳೇ ಸಾಯಬೇಕು.

'ಸ್ಟೋವ್ ಸಿಡಿದು ಗೃಹಿಣಿ ಸಾವು' ಎಂಬ ಎರಡು ಸಾಲಿನ ಸುದ್ದಿ ಎಂಬತ್ತು ತೊಂಬತ್ತರ ದಶಕಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಎಷ್ಟು ಸಲ ಬಂದಿಲ್ಲ! ಬೆಂಗಳೂರಿನಲ್ಲಿ ವಿಮೋಚನಾದ ಗೆಳತಿಯರು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಪೊಲೀಸ್ ಕಡತ ಬಿಡಿಸಿ, 'ಅಡುಗೆಮನೆ ಅಪಘಾತ' ಎಂದು ಮುಚ್ಚಿಹೋಗುತ್ತಿದ್ದ ಸಾವುಗಳನ್ನು ಬೆಳಕಿಗೆ ತಂದರು. ಸ್ಟೋವ್‌ಗೆ ಸೊಸೆಯ ಗುರುತು ಹೇಗೆ ಸಿಗುತ್ತದೆ? ಅತ್ತೆ ಹಚ್ಚಿದಾಗ, ಮಗಳು ಹಚ್ಚಿದಾಗ ಸುಮ್ಮನಿರುವ ಸ್ಟೋವ್ ಸೊಸೆಯ ಕೈಯಲ್ಲೇ ಯಾಕೆ ಸಿಡಿಯುತ್ತದೆ? ಒಲೆಯ ಮುಂದೆ ನಿಲ್ಲುವವಳು ಅವಳೇ ಎಂದು ಲೋಕವೆಲ್ಲ ಒಪ್ಪಿಕೊಂಡಿದ್ದರಿಂದಲೇ ಆ ಸುಳ್ಳು ಅಷ್ಟು ಸಲೀಸಾಗಿ ನಡೆಯಿತು. ಗಂಡನೂ ಅಡುಗೆ ಮಾಡುವ ಮನೆಯಲ್ಲಿ ಆ ಕತೆ ಹೇಳಿ ನೋಡಲಿ, ಪಕ್ಕದ ಮನೆಯವರೇ ನಂಬುವುದಿಲ್ಲ. ಇವತ್ತು ಪಂಪ್ ಸ್ಟೋವ್ ಕಡಿಮೆಯಾಗಿರಬಹುದು. ಸಾವು ನಿಂತಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6,450 ವರದಕ್ಷಿಣೆ ಸಾವುಗಳು ದಾಖಲಾದವು.

ಇನ್ನು ಗಂಡಸಿಗೆ ಅಡುಗೆ ಹೇಳಿಸಿದ್ದಲ್ಲ, ಅವನ ಕೈಗೆ ಅದು ಒಗ್ಗುವುದಿಲ್ಲ ಎಂಬ ಮಾತು. ಇದಕ್ಕಿಂತ ದೊಡ್ಡ ಸುಳ್ಳು ಉಂಟೇ? ರುಚಿಯಾದ ಅಡುಗೆಗೆ ನಮ್ಮ ಭಾಷೆಯಲ್ಲಿರುವ ಹೆಸರೇ ನಳಪಾಕ, ಭೀಮಪಾಕ. ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದ ವಲಲ ಗಂಡಸಲ್ಲವೇ? ಹನ್ನೊಂದನೆಯ ಶತಮಾನದಲ್ಲಿ 'ಲೋಕೋಪಕಾರ' ಬರೆದು ಅದರಲ್ಲಿ ಅಡುಗೆಯ ವಿಚಾರ ಹೇಳಿದ ಚಾವುಂಡರಾಯ, ಹದಿನಾರನೆಯ ಶತಮಾನದಲ್ಲಿ 'ಸೂಪಶಾಸ್ತ್ರ' ಬರೆದ ಮಂಗರಸ, ಇಬ್ಬರೂ ಗಂಡಸರೇ. ಮದುವೆ ಮನೆಯಲ್ಲಿ ಸಾವಿರ ಎಲೆಗೆ ಬಡಿಸುವ ಅಡುಗೆ ಭಟ್ಟರು, ಊರೂರಿಗೆ ಮಸಾಲೆ ದೋಸೆಯ ರುಚಿ ಹತ್ತಿಸಿದ ಉಡುಪಿ ಹೋಟೆಲಿನವರು, ಮಠಗಳ ಪಾಕಶಾಲೆಯವರು, ಎಲ್ಲರಿಗೂ ಅಡುಗೆ ಬರುತ್ತದೆ. ಮನೆಯ ಹೊಸಿಲು ದಾಟಿ ಒಳಗೆ ಬಂದ ಕೂಡಲೇ ಗಂಡಸಿನ ಕೈಗೆ ಅದೇನು ಲಕ್ವ ಹೊಡೆಯುತ್ತದೆ?

ಅಡುಗೆಗೆ ಕೂಲಿ, ಹೆಸರು ಸಿಗುವಲ್ಲಿ ಗಂಡಸು ಬಾಣಸಿಗ. ಸಿಗದ ಕಡೆ ಅದು ಹೆಂಗಸಿನ ಧರ್ಮ. ಶಾಲೆಗಳ ಬಿಸಿಯೂಟವನ್ನೇ ನೋಡಿ. ನೂರಾರು ಮಕ್ಕಳಿಗೆ ದಿನವೂ ಬೇಯಿಸುವ ಆ ಕೆಲಸದಲ್ಲಿರುವವರು ಬಹುಪಾಲು ಹೆಂಗಸರು, ಅವರಿಗೆ ಸರ್ಕಾರ ಕೊಡುವುದನ್ನು ಸಂಬಳ ಎಂದು ಕರೆಯುವುದೂ ಇಲ್ಲ. ಭಟ್ಟರಿಗೆ ದಕ್ಷಿಣೆ, ಹೋಟೆಲಿನವನಿಗೆ ಸಂಬಳ, ಬಿಸಿಯೂಟದವಳಿಗೆ ಗೌರವಧನ, ಮನೆಯವಳಿಗೆ ಬೈಗುಳ!

'ಅವನು ಹೊರಗೆ ದುಡಿಯುತ್ತಾನೆ, ಅವಳು ಒಳಗೆ ಬೇಯಿಸುತ್ತಾಳೆ, ಇದು ಕೆಲಸ ಹಂಚಿಕೆ' ಎನ್ನುವವರು ಬೆಳಿಗ್ಗೆ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ನಿಂತು ನೋಡಲಿ. ನಸುಕಿನಲ್ಲೇ ಎದ್ದು, ತಿಂಡಿ ಮಾಡಿ, ಮಧ್ಯಾಹ್ನದ ಡಬ್ಬಿ ಕಟ್ಟಿ, ಮಕ್ಕಳನ್ನು ಎಬ್ಬಿಸಿ, ಓಡೋಡಿ ಬಂದು ಮಿಷನ್ ಮುಂದೆ ಕೂರುವ ಹೆಂಗಸರು. ಸಂಜೆ ಮನೆಗೆ ಹೋದರೆ ಮತ್ತೆ ಒಲೆ. ಅವಳ ದುಡಿಮೆಯಲ್ಲಿ ಪಾಲು ಕೇಳುವ ಗಂಡ ಅವಳ ಒಲೆಯಲ್ಲಿ ಯಾಕೆ ಪಾಲು ಕೇಳುವುದಿಲ್ಲ? ಹೊಲದಲ್ಲಿ ಕಳೆ ಕಿತ್ತು ಬಂದವಳ ಕತೆಯೂ ಬೇರೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಅಡುಗೆ ಕೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಿಡಿಯಬೇಕು ಎಂದು ಹೇಳಿತು, ಸಂತೋಷ. ಆದರೆ ಅದು ರಸ್ತೆ ಅಪಘಾತದ ಪರಿಹಾರದ ಪ್ರಕರಣ. ಬದುಕಿದ್ದಾಗ ಇಲ್ಲದ ಬೆಲೆ, ವಾಹನ ಹಾಯ್ದು ಸತ್ತ ಮೇಲೆ!

ನಮ್ಮೊಳಗಿನ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು. ಗಂಡಸು ಅಡುಗೆ ಕಲಿತುಬಿಟ್ಟರೆ ಹೊಡೆತ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಉಪ್ಪಿಗಾಗಿ ಯಾರೂ ಹೊಡೆಯುವುದಿಲ್ಲ, ಉಪ್ಪು ಒಂದು ನೆಪ. ಸಾರು ಸರಿಯಿದ್ದರೆ ಮಾತು ಸರಿಯಿಲ್ಲ, ಮಾತು ಸರಿಯಿದ್ದರೆ ತವರಿನಿಂದ ಬಂದ ಸರ ಸರಿಯಿಲ್ಲ. ಸೊಗಸಾಗಿ ಅಡುಗೆ ಮಾಡಿ ಬಡಿಸಿ, ಆಮೇಲೆ ಹೊಡೆಯುವ ಗಂಡನೂ ಇರಬಹುದು. ಆದ್ದರಿಂದ ಸೌಟು ಕೊಟ್ಟರೆ ಸಮಾನತೆ ಬಂತು ಎಂಬ ಭ್ರಮೆ ನಮಗಿಲ್ಲ.

ಆದರೂ ಎಷ್ಟು ಹೆಣ್ಣುಮಕ್ಕಳು ಅವನ ಹೊಟ್ಟೆಯ ಹೆಸರಿನಲ್ಲಿ ಸಾವಿನ ಮನೆಗೆ ವಾಪಸಾಗಿದ್ದಾರೆ! ಬಾಣಂತನ ಮುಗಿಯುವ ಮೊದಲೇ 'ಅಲ್ಲಿ ಊಟಕ್ಕೆ ತೊಂದರೆ' ಎಂದು ಕರೆ ಬರುತ್ತದೆ. ಪೆಟ್ಟು ತಿಂದು ತವರಿಗೆ ಬಂದವಳನ್ನು 'ಪಾಪ, ಹೋಟೆಲಲ್ಲಿ ತಿಂದು ಅವನ ಆರೋಗ್ಯ ಕೆಟ್ಟಿದೆ' ಎಂದು ಅಪ್ಪ ಅಮ್ಮನೇ ಬಸ್ಸು ಹತ್ತಿಸುತ್ತಾರೆ. ಆಕೆಯ ಮುರಿದ ಮೊಣಕೈಗಿಂತ ಅವನ ಖಾಲಿ ತಟ್ಟೆ ದೊಡ್ಡದಾಗಿ ಕಾಣುತ್ತದೆ. ಅವನಿಗೆ ಅನ್ನ ಬೇಯಿಸಿಕೊಳ್ಳಲು ಬರುವಂತಿದ್ದರೆ ಆ ಒಂದು ಮಾತಾದರೂ ಬಿದ್ದುಹೋಗುತ್ತಿತ್ತು. ಅವಳನ್ನು ವಾಪಸು ಕರೆಯಬೇಕಾದರೆ ಬೇರೆ ಕಾರಣ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಅವಳಿಗೆ ಯೋಚಿಸಲು ನಾಲ್ಕು ದಿನ ಸಿಗುತ್ತಿತ್ತು. ನಮ್ಮ ಅನುಭವದಲ್ಲಿ ಆ ನಾಲ್ಕು ದಿನ ಸಣ್ಣದಲ್ಲ ಗೆಳತಿಯರೇ.

ಇನ್ನೊಂದು ಕಡೆ, ಓದಿ ಕೆಲಸಕ್ಕೆ ಸೇರಿದ ಕೆಲವು ಹುಡುಗಿಯರು 'ನನಗೆ ಅಡುಗೆ ಬರಲ್ಲ' ಎಂಬುದನ್ನೇ ಬಿಡುಗಡೆ ಎಂದುಕೊಂಡಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಣ್ಣು ನೋಡಲು ಬಂದವರು ಕಾಫಿಯ ತಟ್ಟೆ ಹಿಡಿದು ನಿಂತವಳನ್ನು 'ಅಡುಗೆ ಬರುತ್ತಾ?' ಎಂದು ಕೇಳುವುದು ಇಂದಿಗೂ ತಪ್ಪಿಲ್ಲ. ಆದರೆ ತನ್ನ ಹೊಟ್ಟೆಗೆ ಬೇಕಾದ್ದನ್ನು ತಾನು ಬೇಯಿಸಿಕೊಳ್ಳಲು ಬಾರದವರು, ಗಂಡಾಗಲಿ ಹೆಣ್ಣಾಗಲಿ, ಇನ್ನೊಬ್ಬರ ದುಡಿಮೆಯ ಮೇಲೆ ಬದುಕುತ್ತಾರೆ. ಆ ಇನ್ನೊಬ್ಬರು ಸಾಮಾನ್ಯವಾಗಿ ಅಮ್ಮ, ಇಲ್ಲವೇ ಕಡಿಮೆ ಸಂಬಳದ ಮನೆಗೆಲಸದಾಕೆ. ಅಡುಗೆ ಬರುವುದು ಬೇರೆ, ಇನ್ನೊಬ್ಬರಿಗೆ ಜೀವನವಿಡೀ ಬೇಯಿಸಿ ಹಾಕುವ ಕಟ್ಟುಪಾಡು ಬೇರೆ. ಮೊದಲನೆಯದು ಎಲ್ಲರಿಗೂ ಇರಲಿ. ಎರಡನೆಯದು ಯಾರಿಗೂ ಬೇಡ.

ಕಲಿಯಬೇಕಾದದ್ದಾದರೂ ಎಷ್ಟು? ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಕುಕ್ಕರ್ ಮೂರು ಸಲ ಕೂಗಿದರೆ ಅನ್ನ. ಬೇಳೆ ಬೇಯಿಸಿ, ಹುಣಸೆಹುಳಿ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು. ರವೆ ಹುರಿದರೆ ಉಪ್ಪಿಟ್ಟು. ಮುದ್ದೆ ತಿರುವುದಕ್ಕೆ, ರೊಟ್ಟಿ ತಟ್ಟುವುದಕ್ಕೆ ಒಂದು ವಾರದ ಅಭ್ಯಾಸ ಬೇಕು. ಬೈಕ್ ಓಡಿಸಲು ಕಲಿತವನಿಗೆ, ಮೊಬೈಲಿನ ಮೂಲೆ ಮೂಲೆ ತಿಳಿದವನಿಗೆ ಇಷ್ಟು ಬಾರದೆ?

ಹಾಗಾದರೆ ಮಾಡುವುದೇನು? ಗಂಡುಮಕ್ಕಳ ತಾಯಂದಿರೇ, ಹತ್ತು ವರ್ಷದ ಮಗ ಉಂಡ ತಟ್ಟೆ ಅವನೇ ತೊಳೆಯಲಿ, ಹದಿನೈದಕ್ಕೆ ಮನೆಮಂದಿಗೆಲ್ಲ ಅನ್ನ ಸಾರು ಮಾಡಲಿ. 'ಒಂದು ಲೋಟ ನೀರು ತಗೊಂಡು ಕುಡಿದವನಲ್ಲ' ಎಂಬುದು ಹೆಮ್ಮೆಯ ಮಾತಲ್ಲ, ನಿಮ್ಮ ಸೊಸೆಯ ಬೆನ್ನಿಗೆ ನೀವು ಈಗಲೇ ಬರೆದಿಟ್ಟ ಬರೆ. ಹೆಣ್ಣುಮಕ್ಕಳ ತಂದೆತಾಯಿಗಳೇ, ಮಾತುಕತೆಗೆ ಕೂತಾಗ ವರನನ್ನೂ ಕೇಳಿ: 'ನಿಮಗೆ ಅಡುಗೆ ಬರುತ್ತಾ?' ಅವನು ನಕ್ಕರೆ ಆ ನಗುವನ್ನು ಲೆಕ್ಕಕ್ಕೆ ಹಿಡಿಯಿರಿ. 2024ರಲ್ಲಿ ಕೇರಳದ ಶಾಲಾ ಪಠ್ಯಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ಕಾಯಿ ತುರಿಯುವ ಚಿತ್ರ ಬಂತು. ನಮ್ಮ ಮಕ್ಕಳ ಪುಸ್ತಕದಲ್ಲೂ ಅಪ್ಪ ಒಗ್ಗರಣೆ ಹಾಕಲಿ, ಹೈಸ್ಕೂಲಿನಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಒಲೆ ಹಚ್ಚುವ ಪಾಠವಾಗಲಿ.

ನಮ್ಮಂಥ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ, ಪೊಲೀಸ್ ಠಾಣೆಯಲ್ಲಿ ರಾಜಿ ಮಾಡಿಸಲು ಕೂರುವ ಹಿರಿಯರಿಗೆ ಕೊನೆಯ ಮಾತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಅಡುಗೆ ಚೆನ್ನಾಗಿದ್ದರೆ ಮಾತ್ರ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಹೀಯಾಳಿಕೆ, ಅವಮಾನಗಳನ್ನೂ ಆ ಕಾಯ್ದೆ ದೌರ್ಜನ್ಯವೆಂದೇ ಕರೆಯುತ್ತದೆ. ಕಾನೂನು ಹಾಕದ ಷರತ್ತನ್ನು ನಾವು ಹಾಕುವುದು ಬೇಡ.

ಆ ಹೆಣ್ಣುಮಗಳು ಮತ್ತೆ ಆ ಮನೆಗೆ ಹೋಗಲಿಲ್ಲ. ಕೂಸಿನೊಂದಿಗೆ ಬೇರೆ ಕೋಣೆ ಹಿಡಿದು ದುಡಿಯುತ್ತಿದ್ದಾಳೆ. ಆ ಕೂಸು ಗಂಡು. ಈಗ ಅವನೇ ಸ್ಟೂಲಿನ ಮೇಲೆ ನಿಂತು ಅಮ್ಮನಿಗೆ ಚಹಾ ಮಾಡಿಕೊಡುತ್ತಾನೆ ಎಂದು ಮೊನ್ನೆ ಬಂದಾಗ ಹೇಳಿದಳು. "ಸಕ್ಕರೆ ಜಾಸ್ತಿ ಹಾಕ್ತಾನೆ ಅಕ್ಕಾ" ಎಂದು ನಕ್ಕಳು. ಸಕ್ಕರೆ ಜಾಸ್ತಿಯಾದದ್ದಕ್ಕೆ ಅವಳು ಮಗನನ್ನು ಹೊಡೆಯಲಿಲ್ಲ.

ಹೆಂಡತಿ ಹೊತ್ತಿಗೆ ಸರಿಯಾಗಿ ಅಡುಗೆ ಮಾಡತಕ್ಕದ್ದು ಎಂಬ ಸಾಲನ್ನು ನಮ್ಮ ಕೇಂದ್ರದಲ್ಲಿ ಈಗ ಯಾವ ಮುಚ್ಚಳಿಕೆಯಲ್ಲೂ ಬರೆಯುವುದಿಲ್ಲ. ನೀವೂ ಬರೆಯಬೇಡಿ.