ಮಕ್ಕಳ ನ್ಯಾರಿ ನಮ್ಮ ಹೊಲದಿಂದಲೇ ಬರಲಿ

ದೀಪಾವಳಿಯ ಮುಂದೆ ನಾವು ಒಂದು ಚೀಲ ನಾಚಣಿ, ಎರಡು ಚೀಲ ಶೇಂಗಾ ಆಜರಾ ಪೇಟೆಗೆ ಹಾಕಿ ಬರುವಾಗ, ಮನೆಯ ಮಕ್ಕಳು ಹೇಳಿದ್ದರೆಂದು ಅಂಗಡಿಯಿಂದ ಒಂದು ಪೊಟ್ಟಣ ಕೊಂಡು ತಂದೆವು. ಅದರ ಹೆಸರು ಗ್ರಾನೋಲಾ. ಬೆಳಿಗ್ಗೆ ಹಾಲಿನಲ್ಲಿ ಹಾಕಿಕೊಂಡು ತಿನ್ನುವ, ಸಂಜೆಗೆ ಹಾಗೆಯೇ ಮುಕ್ಕುವ ತಿನಿಸು. ಬಿಚ್ಚಿ ತಾಟಿಗೆ ಸುರುವಿ ನೋಡಿದರೆ ಹುರಿದ ಧಾನ್ಯ, ಒಂದಿಷ್ಟು ಬೀಜದ ಚೂರು, ನಾಲ್ಕು ಒಣದ್ರಾಕ್ಷಿ, ಮೇಲೆ ಸಿಹಿ ಪಾಕ. ನಮ್ಮ ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಪಂಚಮಿ ಅಳ್ಳಿನ ತಮ್ಮ ಅಲ್ಲೇನೋ? ಚೀಲಗಟ್ಟಲೆ ಮಾರಿ ಚಿಟಿಕಿ ಕೊಂಡು ಬಂದೀಯಲ್ಲೋ" ಅಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಮಾತಿನಿಂದಲೇ ಹುಟ್ಟಿದ್ದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಅದು ನಮ್ಮ ಮನೆಯ ಡಬ್ಬಿಗೂ ಅನ್ವಯಿಸುತ್ತದೆಂದು ಎಣಿಸುವುದಿಲ್ಲ. ಒಕ್ಕಲು ಬಂಧುಗಳು ಈ ಸಂಗತಿಯನ್ನು ಬರಿಯ ತಿಂಡಿಯ ಮಾತೆಂದು ತಳ್ಳಿಹಾಕಬಾರದೆಂದು ನಮ್ಮ ವಿನಂತಿ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕೂಡುವ ಹುಡುಗರನ್ನು ನಾವು ಕಂಡಿದ್ದೇವೆ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಚಾ ಬಿಸ್ಕೀಟು ತಿಂದೀನ್ರಿ ಗುರೂಜಿ." ಕಬ್ಬಿನ ಕಟಾವಿನ ದಿನಗಳಲ್ಲಿ ತಾಯಿತಂದೆ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿರುತ್ತಾರೆ. ಇಚಲಕರಂಜಿಯಲ್ಲಿ ಮಗ್ಗದ ಪಾಳಿಗೆ ಹೋಗುವ ನಮ್ಮವರ ಮನೆಯಲ್ಲಿಯೂ ಇದೇ ಪರಿ. ಶಾಲೆಯ ಊಟ ಮಧ್ಯಾಹ್ನಕ್ಕೆ ಬರುತ್ತದೆ. ಅಲ್ಲಿಯವರೆಗೆ ಬೆಳೆಯುವ ಮಗು ಒಂದು ಬಟ್ಟಲು ಸಿಹಿ ಚಹದ ಮೇಲೆ ಲೆಕ್ಕ ಮಾಡಬೇಕು, ಓದಬೇಕು, ಆಡಬೇಕು. ಇದು ನ್ಯಾಯವೇ?

ಬಿಸಿ ಭಕ್ಕರಿ, ಪಲ್ಲೆ, ಮೊಸರು ಬೆಳಿಗ್ಗೆ ಸಿದ್ಧವಿರುವ ಮನೆಗೆ ನಮ್ಮ ಮಾತು ಬೇಡ. ಅದಕ್ಕಿಂತ ಒಳ್ಳೆಯ ನ್ಯಾರಿ ಇಲ್ಲ. ಒಲೆ ಹೊತ್ತಿಸಲು ಹೊತ್ತಿಲ್ಲದ ಮನೆಗಾಗಿ, ಕೈಯಿಟ್ಟರೆ ಸಿಗುವಂಥ ಒಂದು ಡಬ್ಬಿಯ ವಿಚಾರ ನಾವು ಹೇಳುತ್ತಿರುವುದು.

ಪೊಟ್ಟಣದ ಬೆನ್ನು ಓದಿರಿ

ತಂದ ಪೊಟ್ಟಣವನ್ನು ನಾವು ಮರುದಿನ ತರಗತಿಗೆ ಒಯ್ದು ಪಾಠ ಮಾಡಿದೆವು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಒಳಗಿರುವ ಪದಾರ್ಥಗಳ ಯಾದಿ ಇರುತ್ತದೆ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ಕಾಯದೆ. ಆದ್ದರಿಂದ ಮೊದಲ ಮೂರು ಹೆಸರು ಓದಿದರೆ ಅರ್ಧ ಗುಟ್ಟು ತಿಳಿಯುತ್ತದೆ. ನಮ್ಮ ಪೊಟ್ಟಣದಲ್ಲಿ ಮೊದಲು ಓಟ್ಸ್, ಎರಡನೆಯದು ಸಕ್ಕರೆ. ಮುಂದೆ ಪಾಕವೆಂದೂ ಜೇನೆಂದೂ ಸಿಹಿ ಮತ್ತೆರಡು ಸಲ ಬಂದಿತ್ತು. ಹುಡುಗಿಯೊಬ್ಬಳು, "ಕಾಜು ಎಷ್ಟನೇದು ಗುರೂಜಿ?" ಎಂದು ಕೇಳಿದಳು. ಎಣಿಸಿದೆವು. ಅದು ಏಳನೆಯದು. ಪೊಟ್ಟಣದ ಮುಂದಿನ ಚಿತ್ರದಲ್ಲಿ ಮಾತ್ರ ಕಾಜುವೇ ದೊಡ್ಡದು.

ಈ ಗ್ರಾನೋಲಾ ಬಹಳ ಹಳೆಯ ವಸ್ತುವೇನೂ ಅಲ್ಲ. ಅಮೇರಿಕೆಯ ನ್ಯೂಯಾರ್ಕ್ ಪ್ರಾಂತದಲ್ಲಿ ಜೇಮ್ಸ್ ಕೇಲೆಬ್ ಜಾಕ್ಸನ್ ಎಂಬ ವೈದ್ಯರು 1863ರಲ್ಲಿ ಗೋದಿಯ ತವುಡು ಸಹಿತ ಹಿಟ್ಟನ್ನು ಸುಟ್ಟು, ಒಡೆದು, ಮತ್ತೆ ಸುಟ್ಟು 'ಗ್ರಾನ್ಯುಲಾ' ಎಂಬ ಹೆಸರಿನಿಂದ ತಮ್ಮ ರೋಗಿಗಳಿಗೆ ಕೊಡತೊಡಗಿದರು. ಅದು ಎಷ್ಟು ಗಟ್ಟಿಯೆಂದರೆ ರಾತ್ರಿಯೆಲ್ಲ ನೆನೆಹಾಕದೆ ತಿನ್ನಲು ಬರುತ್ತಿರಲಿಲ್ಲ. ಮುಂದೆ ಮಿಶಿಗನ್ ಪ್ರಾಂತದ ಜಾನ್ ಹಾರ್ವೆ ಕೆಲಾಗ್ ಎಂಬ ವೈದ್ಯರು ಅಂಥದ್ದೇ ತಿನಿಸು ಮಾಡಿದರು. ಹೆಸರಿನ ತಕರಾರು ಬಂದದ್ದರಿಂದ ಅದು 'ಗ್ರಾನೋಲಾ' ಆಯಿತು. ಓಟ್ಸ್, ಬೀಜ, ಜೇನು ಕೂಡಿದ ಈಗಿನ ರೂಪ 1960ರ ದಶಕದಿಂದ ಈಚೆಗೆ ಹಬ್ಬಿದ್ದು. ಓಟ್ಸ್ ತಂಪು ದೇಶಗಳ ಬೆಳೆ; ಅಲ್ಲಿಯವರು ತಮ್ಮ ಹೊಲದ ಧಾನ್ಯದಿಂದ ತಮ್ಮ ನ್ಯಾರಿ ಮಾಡಿಕೊಂಡರು. ನಾವು ಅವರಿಂದ ಕಲಿಯಬೇಕಾದದ್ದು ಅದನ್ನೇ ಹೊರತು ಅವರ ಓಟ್ಸನ್ನು ಕೊಳ್ಳುವುದನ್ನಲ್ಲ. ಜೋಳದ ಅಳ್ಳು, ಅಳ್ಳಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ ಇವುಗಳನ್ನು ನಮ್ಮ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತಪ್ಪದೆ ಮಾಡುತ್ತ ಬಂದಿದ್ದಾರೆ. ವರ್ಷಕ್ಕೊಮ್ಮೆ ಮಾಡುವುದನ್ನು ವಾರಕ್ಕೊಮ್ಮೆ ಮಾಡಿರೆಂದಷ್ಟೇ ನಾವು ಹೇಳುವುದು.

ಒಂದು ಹೊಳೆಯ ದಂಡೆಯ ಸಾಮಾನು

ಹಿರಣ್ಯಕೇಶಿ ಹೊಳೆ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ಸೀಮೆಗಳನ್ನು ಹಾಯ್ದು ಸಂಕೇಶ್ವರದ ಕಡೆಗೆ ಹರಿಯುತ್ತದೆ. ಮೇಲ್ದಂಡೆಯಲ್ಲಿ ಭತ್ತ, ನಾಚಣಿ, ಕಾಜು. ಕೆಳಗೆ ಇಳಿದಂತೆ ಜೋಳ, ಶೇಂಗಾ. ನೀರಿದ್ದಲ್ಲೆಲ್ಲ ಕಬ್ಬು. ಆಜರಾ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕೊಲ್ಹಾಪುರದ ಬೆಲ್ಲಕ್ಕೂ ಅಂಥ ಮಾನ್ಯತೆ ಉಂಟು. ಹೀಗೆ ಒಂದೇ ಹೊಳೆಯ ದಂಡೆಯಲ್ಲಿ ಬಹುತೇಕ ಎಲ್ಲ ಸಾಮಾನು ಸಿಗುವಾಗ ನಾವು ಹೊರಗೆ ನೋಡಬೇಕಾದ್ದಿಲ್ಲ.

ಅದರಲ್ಲಿಯೂ ನಾಚಣಿ, ಅಂದರೆ ರಾಗಿಯ ಬೆಲೆಯನ್ನು ನಾವು ಅರಿಯೆವು. 100 ಗ್ರಾಂ ನಾಚಣಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಸುಮಾರು 120. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ನಮ್ಮ ದೇಶದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ವರ್ಷ ಶಹರದವರು ನಾಚಣಿಯನ್ನು ಹುಡುಕಿಕೊಂಡು ಬಂದರು. ನಮ್ಮ ಕಡೆಯಲ್ಲಾದರೋ ಕಬ್ಬಿಗೆ ಜಾಗ ಬಿಟ್ಟು ನಾಚಣಿ ಗುಡ್ಡದ ಇಳಿಜಾರಿಗೆ ಸರಿದಿದೆ.

ಮಾಡುವ ರೀತಿ

ನಮ್ಮ ಮನೆಯಲ್ಲಿ ಐದಾರು ಸಲ ಮಾಡಿ ಸರಿಪಡಿಸಿಕೊಂಡ ಪ್ರಮಾಣ ಇದು. ದಪ್ಪ ಅವಲಕ್ಕಿ 250 ಗ್ರಾಂ, ಜೋಳದ ಅಳ್ಳು 150, ಶೇಂಗಾ 150, ನಾಚಣಿ ಹಿಟ್ಟು 100, ಪುಟಾಣಿ 100, ಕಾಜು ತುಕಡಿ 50, ತುರಿದ ಒಣಕೊಬ್ಬರಿ 40, ಎಳ್ಳು 30, ಅಗಸಿ 30. ಇವುಗಳಿಗೆ ಬೆಲ್ಲ 120 ಗ್ರಾಂ, ಶೇಂಗಾ ಎಣ್ಣೆ ಅಥವಾ ತುಪ್ಪ ಮೂರು ದೊಡ್ಡ ಚಮಚ, ನಾಲ್ಕು ಯಾಲಕ್ಕಿ, ಚಿಟಿಕೆ ಉಪ್ಪು. ಎಲ್ಲ ಕೂಡಿ ಒಂದು ಕಿಲೋಕ್ಕಿಂತ ತುಸು ಹೆಚ್ಚಾಗುತ್ತದೆ. ಒಬ್ಬರಿಗೆ 50 ಗ್ರಾಮಿನಂತೆ ಇಪ್ಪತ್ತು ಬಟ್ಟಲು.

ಒಂದೊಂದನ್ನೂ ಬೇರೆ ಬೇರೆಯಾಗಿಯೇ ಸಣ್ಣ ಉರಿಯಲ್ಲಿ ಹುರಿಯತಕ್ಕದ್ದು. ಎಳ್ಳು ಚಟಪಟ ಅನ್ನುವ ಹೊತ್ತಿಗೆ ಶೇಂಗಾ ಇನ್ನೂ ಹಸಿಯೇ ಇರುತ್ತದೆ. ಕೂಡಿಸಿ ಹುರಿದರೆ ಒಂದು ಸೀಯುತ್ತದೆ, ಒಂದು ಹಸಿ ಉಳಿಯುತ್ತದೆ. ಅವಲಕ್ಕಿ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಗರಿಯಾಗಬೇಕು. ಶೇಂಗಾ ಹುರಿದು ಸಿಪ್ಪೆ ತೆಗೆದು ಎರಡು ಹೋಳು ಮಾಡಬೇಕು. ನಾಚಣಿ ಹಿಟ್ಟು ಘಮ ಬರುವವರೆಗೆ ಹುರಿಯಬೇಕು. ಕಾಳನ್ನು ಮೊದಲು ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ ಬೀಸಿದರೆ ಅದರಲ್ಲಿನ ಸುಣ್ಣ, ಕಬ್ಬಿಣದ ಅಂಶಗಳು ಮೈಗೆ ಚೆನ್ನಾಗಿ ಹತ್ತುತ್ತವೆ.

ಬೆಲ್ಲಕ್ಕೆ ನಾಲ್ಕು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಎಳೆ ಬರುವವರೆಗೆ ಕುದಿಸಬೇಕು. ಪಾಕ ಉಂಡಿಗಟ್ಟುವಷ್ಟು ಏರಿಸಿದರೆ ಚಿಕ್ಕಿಯಾಗುತ್ತದೆ. ಎಣ್ಣೆ, ಯಾಲಕ್ಕಿ, ಉಪ್ಪು ಹಾಕಿ ಒಲೆಯಿಂದ ಇಳಿಸಿ ಮೊದಲು ನಾಚಣಿ ಹಿಟ್ಟು, ಆಮೇಲೆ ಬೀಜಗಳು, ಕಡೆಗೆ ಅವಲಕ್ಕಿ ಮತ್ತು ಅಳ್ಳು ಬೆರೆಸಬೇಕು. ಅಗಲವಾದ ಕಡಾಯಿಯಲ್ಲಿ ತೀರ ಸಣ್ಣ ಉರಿಯ ಮೇಲೆ ಹತ್ತು ನಿಮಿಷ ಮೆಲ್ಲಗೆ ತಿರುವಿ ಹಾಕಿ, ಹಸಿ ಹೋದಮೇಲೆ ತಾಟಿನಲ್ಲಿ ಹರವಬೇಕು. ತಾಸಗಾಂವ ಕಡೆಯ ಒಣದ್ರಾಕ್ಷಿ ಇದ್ದರೆ ಆರಿದ ನಂತರ ಬೆರೆಸಬಹುದು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಮೊದಲ ಸಲ ಮಾಡಿದ್ದು ಆಷಾಢದ ಮಳೆಯಲ್ಲಿ. ಅವಸರಕ್ಕೆ ಬಿಸಿ ಇರುವಾಗಲೇ ಡಬ್ಬಿ ತುಂಬಿದೆವು. ಮೂರನೆಯ ದಿನ ಮುಚ್ಚಳ ತೆಗೆದರೆ ಅಳ್ಳು ಮೆತ್ತಗಾಗಿ ಒಂದೇ ಮುದ್ದೆ. ಎಲ್ಲವೂ ದನದ ಪಾಲಾಯಿತು. ಆಜರಾದ ಮಳೆಗಾಲದ ಗಾಳಿಯೇ ನೀರು. ಆದ್ದರಿಂದ ಪೂರ್ತಿ ಆರಿದಮೇಲೆಯೇ ತುಂಬಬೇಕು. ಬಿಗಿ ಮುಚ್ಚಳದ ದೊಡ್ಡ ಡಬ್ಬಿ ಬೇರೆ, ದಿನಬಳಕೆಯ ಸಣ್ಣ ಡಬ್ಬಿ ಬೇರೆ ಇರಬೇಕು. ಮಳೆಗಾಲದಲ್ಲಿ ಎಂಟು ದಿನಕ್ಕೆ, ಉಳಿದ ಕಾಲದಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟೇ ಮಾಡಬೇಕು.

ಎಚ್ಚರದ ನಾಲ್ಕು ಮಾತು

ಬೆಲ್ಲ ನಮ್ಮದೆಂದ ಮಾತ್ರಕ್ಕೆ ಅದು ಸಿಹಿಯಲ್ಲದೆ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದಂತೆ, ಬೆರೆಸಿದ ಸಿಹಿಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ನೂರಕ್ಕೆ 10 ಭಾಗಕ್ಕಿಂತ ಕಡಿಮೆ ಇರಬೇಕು. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಈ 5 ಭಾಗವೆಂದರೆ ಸುಮಾರು 25 ಗ್ರಾಂ. ಮೇಲಿನ ಪ್ರಮಾಣದಲ್ಲಿ ಒಂದು ಬಟ್ಟಲಿಗೆ ಬರುವ ಬೆಲ್ಲ ಸುಮಾರು 6 ಗ್ರಾಂ. ಹಾಲಿಗೆ ಮತ್ತೆ ಸಕ್ಕರೆ ಹಾಕಿದರೆ ಈ ಲೆಕ್ಕವೆಲ್ಲ ವ್ಯರ್ಥ. ಸಕ್ಕರೆ ರೋಗವಿದ್ದವರು ಬೆಲ್ಲವಿಲ್ಲದೆ, ಉಪ್ಪು ಅರಿಷಿಣ ಹಾಕಿ ಮಾಡಿಕೊಂಡು, ಅಳತೆ ಇಟ್ಟು ತಿನ್ನುವುದು ಲೇಸು.

ಬೂಸ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಶೇಂಗಾವನ್ನು ಆರಿಸಿ ಚೆಲ್ಲಬೇಕು. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೇಡು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಐದು ವರ್ಷದೊಳಗಿನ ಕೂಸುಗಳಿಗೆ ಇಡಿ ಬೀಜ ಕೊಡಬಾರದು, ಗಂಟಲಲ್ಲಿ ಸಿಗುತ್ತದೆ. ಕುಟ್ಟಿ ಪುಡಿ ಮಾಡಿ ಹಾಲಲ್ಲಿ ಕಲಸಿ ಕೊಡಬೇಕು. ಶೇಂಗಾ, ಕಾಜು ತಿಂದರೆ ಮೈ ದದ್ದೇಳುವವರು ಅವುಗಳನ್ನು ಬಿಡತಕ್ಕದ್ದು. ಚಹದ ಜೊತೆಗೆ ಇದನ್ನು ತಿನ್ನಬಾರದು, ಯಾಕೆಂದರೆ ಕಬ್ಬಿಣದ ಅಂಶ ಮೈಗೆ ಹತ್ತಲು ಚಹ ಅಡ್ಡಿ ಮಾಡುತ್ತದೆ. ಹಾಲು ಇಲ್ಲವೆ ಮೊಸರು ಆಗಬಹುದು. ಹಿತ್ತಲಲ್ಲಿ ಪೇರಲವಿದ್ದರೆ ಒಂದು ಹೋಳು ಜೊತೆಗಿರಲಿ, ಅದು ಕಬ್ಬಿಣಕ್ಕೆ ನೆರವಾಗುತ್ತದೆ.

ಎಷ್ಟು ಕಾಳು ಹಿಂದಿಡಬೇಕು?

ಈಗ ಒಂದು ಶಾಲೆಯ ಲೆಕ್ಕ ಮಾಡೋಣ. ವಾರಕ್ಕೊಮ್ಮೆ ಮಾಡಿದರೆ ವರ್ಷಕ್ಕೆ 52 ಸಲ. ನಾಚಣಿ 5 ಕಿಲೋ 200 ಗ್ರಾಂ. ಶೇಂಗಾ ಬೀಜ 7 ಕಿಲೋ 800 ಗ್ರಾಂ, ಅಂದರೆ ಬುಡ್ಡಿಯ ಲೆಕ್ಕದಲ್ಲಿ ಹನ್ನೊಂದು ಹನ್ನೆರಡು ಕಿಲೋ. ಬೆಲ್ಲ 6 ಕಿಲೋದ ಮೇಲೆ ತುಸು. ಕಾಜು ತುಕಡಿ 2 ಕಿಲೋ 600 ಗ್ರಾಂ. ನಮ್ಮ ಒಂದು ಚೀಲ ನಾಚಣಿ, ಎರಡು ಚೀಲ ಶೇಂಗಾದಲ್ಲಿ ಇಷ್ಟನ್ನು ಹಿಂದಿಟ್ಟಿದ್ದರೆ ಪೇಟೆಯ ಪಟ್ಟಿಯಲ್ಲಿ ಎಷ್ಟು ಕಡಿಮೆಯಾಗುತ್ತಿತ್ತು? ಮನೆಯವರು ಗಮನಿಸದಷ್ಟು. ನಾವು ಮೊದಲು ಎಲ್ಲವನ್ನೂ ಮಾರಿ, ಬೇಕಾದದ್ದನ್ನು ಕೊಳ್ಳುತ್ತೇವೆ. ಮೊದಲು ಮಕ್ಕಳ ಪಾಲು ತೆಗೆದಿಟ್ಟು ಉಳಿದದ್ದನ್ನು ಮಾರುವ ಪದ್ಧತಿ ನಮ್ಮ ಹಿರಿಯರದು. ಅವರು ಬೀಜದ ಕಾಳನ್ನು ಹೇಗೆ ಮುಟ್ಟುತ್ತಿರಲಿಲ್ಲವೋ, ಹಾಗೆ ನ್ಯಾರಿಯ ಕಾಳನ್ನೂ ನಾವು ಮುಟ್ಟಬಾರದು. ಹೊಲವಿಲ್ಲದವರು ಕಾಜು ಬಿಟ್ಟು ಶೇಂಗಾ ಹೆಚ್ಚಿಸಲಿ, ಅಳ್ಳು ಸಿಗದಿದ್ದರೆ ಚುರುಮುರಿ ಹಾಕಲಿ. ಕಾಜು ಕೊಳ್ಳುವವರು ತುಕಡಿಯನ್ನೇ ಕೊಳ್ಳಲಿ. ಇಡಿ ಬೀಜದ ಸತ್ವವೇ ತುಕಡಿಯಲ್ಲಿಯೂ ಇದೆ, ಬೆಲೆ ಕಡಿಮೆ.

ಒಂದು ಆಕ್ಷೇಪವನ್ನು ನಮ್ಮ ಮನೆಯಲ್ಲಿಯೇ ಕೇಳಿದೆವು. "ಬರೆಯುವವರು ನೀವು, ಹುರಿಯುವವರು ನಾವು" ಎಂದು. ಈ ಮಾತು ದಿಟ. ನಸುಕಿನಿಂದ ರಾತ್ರಿಯವರೆಗೆ ದುಡಿಯುವ ಹೆಣ್ಣುಮಕ್ಕಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದಾದರೆ ಈ ಲೇಖನ ಬರೆಯದಿರುವುದೇ ಮೇಲಿತ್ತು. ಇದು ವಾರಕ್ಕೆ ಒಂದೂವರೆ ತಾಸಿನ ಕೆಲಸ. ಆದಿತ್ಯವಾರ ಗಂಡಸರು ಒಲೆಯ ಮುಂದೆ ಕೂತರೆ ಮಾನ ಹೋಗುವುದಿಲ್ಲ. ದೊಡ್ಡ ಮಕ್ಕಳು ಶೇಂಗಾ ಸಿಪ್ಪೆ ಕೇರಲಿ, ಅಜ್ಜಿ ಹದ ಹೇಳಲಿ. ಈಗ ನಮ್ಮ ಮನೆಯಲ್ಲಿ ಹುರಿಯುವ ಕೆಲಸ ನಮ್ಮದೇ. ಕೈಗೆ ಎರಡು ಸಲ ಚುರುಕು ತಗುಲಿದಮೇಲೆ ಹದ ತಿಳಿದಿದೆ.

ಬರುವ ಸುಗ್ಗಿಗೆ ರಾಶಿ ಮಾಡಿದ ದಿನವೇ, ಚೀಲದ ಬಾಯಿ ಹೊಲಿಯುವ ಮೊದಲು, ಮನೆಯ ಮಕ್ಕಳನ್ನು ಕರೆದು ಅವರ ಕೈಯಿಂದಲೇ ಅವರ ಪಾಲಿನ ಕಾಳನ್ನು ಅಳೆದು ಡಬ್ಬಿಗೆ ಹಾಕಿಸಿರಿ. ಉಳಿದದ್ದು ಪೇಟೆಗೆ ಹೋಗಲಿ.