ಹುಡುಕುವವನು ಮೊದಲು ಕಾಣಿಸಿಕೊಳ್ಳಲಿ

ನನ್ನಲ್ಲಿ ಭೌತವಿಜ್ಞಾನವನ್ನು ಕಲಿತು, ಈಗ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದಲ್ಲಿ ವ್ಯಾಸಂಗ ಮಾಡುತ್ತಿರುವ ತರುಣನೊಬ್ಬನು ರಜೆಯಲ್ಲಿ ಊರಿಗೆ ಬಂದಿದ್ದಾಗ ನನ್ನನ್ನು ಕಾಣಲು ಬಂದನು. ಬಂದವನು ನನ್ನ ಮೇಜಿನ ಮೇಲೆ ಒಂದು ಪುಟ್ಟ ವಸ್ತುವನ್ನಿಟ್ಟನು. ಅದು ಕೋಟಿಗೆ ಹೊಲಿಯುವ ಹಿತ್ತಾಳೆಯ ಹಳೆಯ ಗುಂಡಿ. ಲೋಹಶೋಧಕ ಯಂತ್ರವನ್ನು ಹಿಡಿದು, ಜಮೀನಿನ ಒಡೆಯನ ಅನುಮತಿಯನ್ನು ಪಡೆದು, ಕಾಡಿನೊಳಗಿನ ಒಂದು ಪಾಳುಮನೆಯ ಬಳಿ ತಾನೇ ಅಗೆದು ತೆಗೆದದ್ದೆಂದು ಹೆಮ್ಮೆಯಿಂದ ಹೇಳಿದನು.

ಅದು ನವೆಂಬರ್ ತಿಂಗಳ ಒಂದು ಶನಿವಾರ. ಮೈಮೇಲೆ ಕಂದು ಬಣ್ಣದ ದಪ್ಪ ಕೋಟು, ಕಿವಿಗಳ ಮೇಲೆ ಹೆಡ್‌ಫೋನ್. ಮೊಣಕಾಲೂರಿ ಬಗ್ಗಿ ಮಣ್ಣು ಕೆದಕುತ್ತಿದ್ದಾಗ ಯಾರೋ ಭುಜವನ್ನು ಮುಟ್ಟಿದರಂತೆ. ತಿರುಗಿ ನೋಡಿದರೆ ಬಂದೂಕು ಹಿಡಿದ ವೃದ್ಧ ಬೇಟೆಗಾರ. "ಮೂರು ಸಲ ಕೂಗಿದೆ, ನಿಮಗೆ ಕೇಳಿಸಲಿಲ್ಲ. ದೂರದಿಂದ ನೋಡಿದಾಗ ಪೊದೆಯ ಹಿಂದೆ ಅಲುಗುತ್ತಿದ್ದ ಕಂದು ಬೆನ್ನೊಂದೇ ಕಂಡಿತು. ಮನುಷ್ಯರೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು" ಎಂದು ಆತ ಹೇಳಿದನಂತೆ.

ನನ್ನ ಶಿಷ್ಯನು ಇದನ್ನು ನಗುತ್ತಲೇ ಹೇಳಿದನು. ನನಗೆ ನಗು ಬರಲಿಲ್ಲ. ಎದ್ದು ಕಾಣುವ ಬಟ್ಟೆಯನ್ನೇಕೆ ತೊಡಲಿಲ್ಲವೆಂದು ಕೇಳಿದೆ. "ಬಂದೂಕು ಇರುವುದು ಅವರ ಕೈಯಲ್ಲಿ ಅಲ್ಲವೆ, ಸಾರ್? ನೋಡಿ ಗುಂಡು ಹಾರಿಸುವುದು ಅವರ ಕರ್ತವ್ಯ. ನಾನೇಕೆ ವೇಷ ಹಾಕಬೇಕು?" ಎಂದನು. ಈ ಪ್ರಶ್ನೆಗೆ ಆ ದಿನ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿಗಾಗಿ ಶೀತದೇಶಗಳಿಗೆ ತೆರಳುವ ನಮ್ಮ ತರುಣರು ಹಲವರಿರುವುದರಿಂದ ಇದು ಅವನೊಬ್ಬನಿಗೇ ಸೇರಿದ ಮಾತಲ್ಲ.

ಈ ಇಬ್ಬರೂ ಒಂದೇ ಕಾಡಿನಲ್ಲಿ ಎದುರಾಗುವುದು ಆಕಸ್ಮಿಕವಲ್ಲ. ಅಮೆರಿಕದ ಈಶಾನ್ಯ ಭಾಗದಲ್ಲಿ ಒಂದು ಕಾಲಕ್ಕೆ ಕಾಡು ಕಡಿದು ಹೊಲ ಮಾಡಿದ್ದರು. 19ನೆಯ ಶತಮಾನದಲ್ಲಿ ರೈತರು ಪಶ್ಚಿಮದ ಫಲವತ್ತಾದ ನೆಲವನ್ನೂ ಪಟ್ಟಣಗಳ ಕಾರ್ಖಾನೆಗಳನ್ನೂ ಅರಸಿ ಹೊರಟುಹೋದರು. ಬಿಟ್ಟ ಹೊಲಗಳಲ್ಲಿ ಕಾಡು ಮತ್ತೆ ಬೆಳೆಯಿತು. ಮರದ ಮನೆಗಳು ಕುಸಿದು, ಕಲ್ಲು ಕಟ್ಟಿದ ನೆಲಮಾಳಿಗೆಯ ಹೊಂಡಗಳೂ ಕಲ್ಲಿನ ಬೇಲಿಗಳೂ ಮಾತ್ರ ಉಳಿದಿವೆ. ಬೇಸಿಗೆಯಲ್ಲಿ ಇವು ಎಲೆಗಳ ಮರೆಯಲ್ಲಿ ಅಡಗಿರುತ್ತವೆ. ನವೆಂಬರಿನಲ್ಲಿ ಎಲೆ ಉದುರಿ, ಜರಿಗಿಡಗಳು ಬಾಡಿ, ನೆಲವಿನ್ನೂ ಹೆಪ್ಪುಗಟ್ಟದೆ ಇರುವ ಕೆಲವು ವಾರಗಳೇ ಹಳೆಯ ನಾಣ್ಯ, ಗುಂಡಿಗಳನ್ನು ಹುಡುಕುವವರಿಗೆ ಸುಗ್ಗಿ. ಬಿಳಿಬಾಲದ ಜಿಂಕೆಗಳು ಬೆದೆಗೆ ಬಂದು ಓಡಾಡುವುದೂ ಬಂದೂಕಿನ ಬೇಟೆಗೆ ಅನುಮತಿ ದೊರೆಯುವುದೂ ಆ ವಾರಗಳಲ್ಲಿಯೇ.

ಇನ್ನು ಯಂತ್ರದ ಸ್ವಭಾವವನ್ನು ನೋಡೋಣ. ಇದರ ತತ್ತ್ವವು ನಿಮ್ಮ ಪಠ್ಯಪುಸ್ತಕದಲ್ಲಿರುವುದೇ. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ. ಕೋಲಿನ ತುದಿಯ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದು, ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಮಣ್ಣಿನಲ್ಲಿ ಲೋಹವಿದ್ದರೆ ಅದರೊಳಗೆ ಸುಳಿಪ್ರವಾಹಗಳು ಏಳುತ್ತವೆ. ಆ ಪ್ರವಾಹಗಳ ಕಾಂತಕ್ಷೇತ್ರವನ್ನು ಎರಡನೆಯ ಸುರುಳಿಯು ಗ್ರಹಿಸಿ ಧ್ವನಿಯಾಗಿ ತಿಳಿಸುತ್ತದೆ. ಕ್ಷೇತ್ರದ ಬಲವು ದೂರ ಹೆಚ್ಚಿದಂತೆ ಬಹು ಬೇಗ ಕುಗ್ಗುವುದರಿಂದ, ನಾಣ್ಯದಷ್ಟು ಚಿಕ್ಕ ವಸ್ತುವನ್ನು ಸಾಮಾನ್ಯ ಯಂತ್ರವು ಒಂದು ಗೇಣು ಅಥವಾ ತುಸು ಹೆಚ್ಚಿನ ಆಳದಲ್ಲಿ ಮಾತ್ರ ಪತ್ತೆಹಚ್ಚಬಲ್ಲದು. ಆದುದರಿಂದ ಸುರುಳಿಯನ್ನು ನೆಲಕ್ಕೆ ತಾಗುವಂತೆ ಆಡಿಸುತ್ತಿರಬೇಕು. ಕ್ಷೀಣಧ್ವನಿಯನ್ನು ಗುರುತಿಸಲು ಕಿವಿಗಳನ್ನು ಮುಚ್ಚಿಕೊಳ್ಳಬೇಕು. ಧ್ವನಿ ಬಂದೊಡನೆ ಬಗ್ಗಬೇಕು.

ಈ ಯಂತ್ರದ ಚರಿತ್ರೆಯಲ್ಲಿಯೇ ನಮಗೊಂದು ಪಾಠವುಂಟು. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ನ ದೇಹದಲ್ಲಿ ಸಿಕ್ಕಿಕೊಂಡಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಉಪಕರಣವನ್ನು ರಚಿಸಿದನು. ಗುಂಡು ಬಲಗಡೆಯಲ್ಲಿದೆಯೆಂಬುದು ವೈದ್ಯರ ನಂಬಿಕೆ. ಹುಡುಕಾಟವೂ ಅಲ್ಲಿಯೇ ನಡೆಯಿತು. ಅಧ್ಯಕ್ಷನು ಮರಣ ಹೊಂದಿದ ಮೇಲೆ ಗುಂಡು ಎಡಗಡೆಯಲ್ಲಿ ಸಿಕ್ಕಿತು. ಯಂತ್ರವು ತಾನು ಒಡ್ಡಿದ ಕಡೆಯನ್ನಲ್ಲದೆ ಬೇರೆ ಕಡೆಯನ್ನು ತಿಳಿಯದು. ಅದನ್ನು ಹಿಡಿದ ಮನುಷ್ಯನ ಗಮನವೂ ಹಾಗೆಯೇ ಒಂದು ಗೇಣು ಮಣ್ಣಿಗೆ ಕಟ್ಟುಬಿದ್ದು, ಸುತ್ತಲಿನ ನೂರು ಮೀಟರು ಕಾಡು ಅವನ ಪಾಲಿಗೆ ಇಲ್ಲದಂತಾಗುತ್ತದೆ. ಹೊರಗಿನಿಂದ ನೋಡುವವನಿಗೆ ಅವನು ತಲೆ ತಗ್ಗಿಸಿ ಮೇಯುವ ಪ್ರಾಣಿಯ ಆಕಾರವನ್ನೂ ಚಲನೆಯನ್ನೂ ಹೋಲುತ್ತಾನೆ.

ಗುಂಡಿನ ಸದ್ದು ಕೇಳಿದರೆ ತಗ್ಗಿಕೊಳ್ಳಬಹುದೆಂದು ಕೆಲವರು ಭಾವಿಸುತ್ತಾರೆ. ಇದನ್ನು ಲೆಕ್ಕಮಾಡಿ ನೋಡೋಣ. ಜಿಂಕೆಯ ಬೇಟೆಗೆ ಬಳಸುವ ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರು ವೇಗದಿಂದ ಹೊರಡುತ್ತದೆ. ಹಿಮ ಕರಗುವ ತಾಪದ ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ 331 ಮೀಟರು. ಬೇಟೆಗಾರನು 150 ಮೀಟರು ದೂರದಲ್ಲಿದ್ದರೆ ಗುಂಡು ಸೆಕೆಂಡಿನ ಸುಮಾರು ಐದನೆಯ ಒಂದು ಪಾಲಿನಲ್ಲಿ ತಲುಪುತ್ತದೆ. ಸದ್ದು ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಬೇಕು. ತನ್ನ ಕಡೆಗೆ ಬಂದ ಗುಂಡಿನ ಸದ್ದನ್ನು ಕೇಳಿ ತಪ್ಪಿಸಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಉಪಯೋಗಕ್ಕೆ ಬರುವ ಧ್ವನಿಯೊಂದೇ, ಗುಂಡು ಹಾರುವ ಮೊದಲು ಕೇಳಬರುವ ಮನುಷ್ಯನ ಕೂಗು. ಆ ವೃದ್ಧನು ಮೂರು ಸಲ ಕೂಗಿದನಷ್ಟೆ? ಆ ಮೂರನ್ನೂ ಹೆಡ್‌ಫೋನ್ ನುಂಗಿತು.

ಹೀಗೆ ಕಿವಿಯಿಂದ ರಕ್ಷಣೆಯಿಲ್ಲವೆಂದಾದ ಮೇಲೆ ಉಳಿದದ್ದು ಬೇಟೆಗಾರನ ಕಣ್ಣು. ಆ ಕಣ್ಣಿಗೆ ನೆರವಾಗುವುದು ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ. ಇದು ಬರಿಯ ಬಣ್ಣವಲ್ಲ. ಸಾಧಾರಣ ಕಿತ್ತಳೆ ಬಟ್ಟೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕಿತ್ತಳೆ ಭಾಗವನ್ನು ಮರಳಿಸಿ ಉಳಿದುದನ್ನು ಹೀರಿಬಿಡುತ್ತದೆ. ಈ ಬಟ್ಟೆಯ ಬಣ್ಣದಲ್ಲಿರುವ ಅಣುಗಳಾದರೋ ನೀಲಿ, ಹಸುರು ಮತ್ತು ಅತಿನೇರಳೆ ಕಿರಣಗಳನ್ನು ಹೀರಿ, ಆ ಶಕ್ತಿಯ ಒಂದು ಪಾಲನ್ನು ಕಿತ್ತಳೆ ಬೆಳಕಾಗಿಯೇ ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಹೀರಿದ ಬೆಳಕಿಗಿಂತ ಹೊರಬರುವ ಬೆಳಕಿನ ತರಂಗಾಂತರವು ಹೆಚ್ಚಾಗಿರುವುದೆಂದು 1852ರಲ್ಲಿ ಸ್ಟೋಕ್ಸ್ ತೋರಿಸಿದನು. ಆದಕಾರಣ ಈ ಬಟ್ಟೆಯು ತನ್ನ ಮೇಲೆ ಬಿದ್ದ ಕಿತ್ತಳೆ ಬೆಳಕಿಗಿಂತ ಹೆಚ್ಚು ಕಿತ್ತಳೆ ಬೆಳಕನ್ನು ಹಿಂದಿರುಗಿಸಬಲ್ಲದು. ಅಮೆರಿಕದ ಹಲವು ರಾಜ್ಯಗಳ ನಿಯಮಗಳು ಇದರ ಮುಖ್ಯ ತರಂಗಾಂತರವು 595ರಿಂದ 605 ನ್ಯಾನೋಮೀಟರಿನೊಳಗೆ ಇರಬೇಕೆಂದು ವಿಧಿಸಿವೆ. ಎಲೆ, ತೊಗಟೆ, ಕಲ್ಲು, ಹಿಮ ಯಾವುದರಲ್ಲಿಯೂ ಇಂಥ ಪ್ರಖರತೆಯಿಲ್ಲ.

ಬೇಟೆಗಾರರೇ ಇದನ್ನು ತೊಟ್ಟರೆ ಜಿಂಕೆಗಳು ಓಡಿಹೋಗುವುದಿಲ್ಲವೆ ಎಂದು ಕೇಳಬಹುದು. ಜಿಂಕೆಯ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಎರಡೇ ಬಗೆಯವು; ಕೆಂಪು, ಕಿತ್ತಳೆಗಳನ್ನು ಹಸುರಿನಿಂದ ಬೇರ್ಪಡಿಸಲು ನಮಗೆ ನೆರವಾಗುವ ಮೂರನೆಯ ಬಗೆ ಅದಕ್ಕಿಲ್ಲ. ನಮಗೆ ಉರಿಯುವ ಬೆಂಕಿಯಂತೆ ಕಾಣುವ ಬಟ್ಟೆ ಅದಕ್ಕೆ ಕಾಡಿನ ಬಣ್ಣಗಳಲ್ಲಿ ಒಂದು. ಎರಡು ಕಣ್ಣುಗಳ ನಡುವಣ ಈ ವ್ಯತ್ಯಾಸವೇ ಮನುಷ್ಯರ ಪ್ರಾಣವನ್ನು ಕಾಪಾಡುತ್ತಿದೆ.

ಮುಸ್ಸಂಜೆಯಲ್ಲಿ ನಮ್ಮ ಕಣ್ಣೂ ಸೋಲುತ್ತದೆ. ಕತ್ತಲಾಗುತ್ತಿರುವಾಗ ಹಿತ್ತಿಲ ಕೆಂಪು ದಾಸವಾಳವನ್ನು ನೋಡಿ. ಹಗಲಿನಲ್ಲಿ ಎಲೆಗಿಂತ ಕಾಂತಿಯುಕ್ತವಾಗಿದ್ದ ಹೂವು ಕಪ್ಪಾಗಿ, ಎಲೆಯೇ ಬೆಳ್ಳಗೆ ತೋರುತ್ತದೆ. ಶಂಕುಕೋಶಗಳು ಹಿಂದೆ ಸರಿದು, ಕೆಂಪಿಗೆ ಕುರುಡಾದ ದಂಡಕೋಶಗಳು ಮುಂದೆ ಬರುವುದೇ ಇದಕ್ಕೆ ಕಾರಣ. ಇದಕ್ಕೆ 19ನೆಯ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿದೆ. ಪ್ರತಿದೀಪಕ ಬಟ್ಟೆಯು ಸಾಧಾರಣ ಬಟ್ಟೆಗಿಂತ ಹೆಚ್ಚು ಹೊತ್ತು ಎದ್ದು ಕಂಡೀತು. ಆದರೆ ಹೀರಲು ಬೆಳಕೇ ಇಲ್ಲವಾದಾಗ ಅದೂ ನಿಷ್ಫಲ. ಮೇನ್ ರಾಜ್ಯದಲ್ಲಿ ನವೆಂಬರ್ ಕೊನೆಗೆ ಸಾಯಂಕಾಲ ನಾಲ್ಕು ಗಂಟೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಜಿಂಕೆಯ ಬೇಟೆಗೆ ಸೂರ್ಯಾಸ್ತವಾದ ಮೇಲೆಯೂ ಅರ್ಧ ಗಂಟೆ ಅವಕಾಶವುಂಟು. ಆ ಅರ್ಧ ಗಂಟೆಯೇ ಕಣ್ಣು ಮೋಸಹೋಗುವ ಹೊತ್ತು.

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರೋಣ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ನಾನು ಅಲ್ಲಗಳೆಯಲಾರೆ. 1988ರ ನವೆಂಬರಿನಲ್ಲಿ ಅದೇ ಮೇನ್ ರಾಜ್ಯದಲ್ಲಿ ಮಹಿಳೆಯೊಬ್ಬಳು ತನ್ನ ಮನೆಯ ಹಿತ್ತಿಲಲ್ಲಿಯೇ ಬೇಟೆಗಾರನ ಗುಂಡಿಗೆ ಬಲಿಯಾದಳು. ಆಕೆಯ ಕೈಯಲ್ಲಿ ಬಿಳಿಯ ಕೈಚೀಲಗಳಿದ್ದವು. ತಾನು ಕಂಡದ್ದು ಜಿಂಕೆಯ ಬಿಳಿಬಾಲವೆಂದು ಅವನು ಹೇಳಿದನು. ಬಿಳಿಯದನ್ನೇಕೆ ತೊಟ್ಟಳು ಎಂದು ಸತ್ತವಳನ್ನೇ ದೂಷಿಸಿದವರೂ ಇದ್ದರು. 1990ರಲ್ಲಿ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅನಂತರದ ವರ್ಷಗಳಲ್ಲಿ, ಗುರಿಯನ್ನು ನಿಶ್ಚಯವಾಗಿ ಗುರುತಿಸದೆ ಗುಂಡು ಹಾರಿಸಕೂಡದೆಂಬ ಕಾನೂನು ಆ ರಾಜ್ಯದಲ್ಲಿ ಬಂದಿತು. ಅದು ನ್ಯಾಯವಾದ ಕಾನೂನು. ಹೊಣೆಯು ಬಂದೂಕು ಹಿಡಿದವನದೇ. ಕಿತ್ತಳೆ ಬಟ್ಟೆ ತೊಡಲಿಲ್ಲವೆಂಬ ಮಾತ್ರಕ್ಕೆ ಅದು ಸತ್ತವರ ಮೇಲೆ ಬೀಳತಕ್ಕದ್ದಲ್ಲ.

ಆದರೆ ತಪ್ಪು ಯಾರದು ಎಂಬ ಪ್ರಶ್ನೆ ಬೇರೆ, ಏನು ನಡೆದೀತು ಎಂಬ ಪ್ರಶ್ನೆ ಬೇರೆ. ಮೊದಲನೆಯದನ್ನು ನ್ಯಾಯಾಲಯವು ಘಟನೆಯಾದ ಮೇಲೆ ವಿಚಾರಿಸುತ್ತದೆ. ಎರಡನೆಯದನ್ನು ಬೆಳಕು, ಕಣ್ಣು, ದೂರಗಳು ಘಟನೆಗೆ ಮೊದಲೇ ತೀರ್ಮಾನಿಸಿಬಿಡುತ್ತವೆ. ಮಬ್ಬು ಬೆಳಕಿನಲ್ಲಿ, ಜಿಂಕೆಯನ್ನೇ ಕಾಣಲು ಗಂಟೆಗಟ್ಟಲೆ ಹಂಬಲಿಸಿ ಕುಳಿತ ಕಣ್ಣಿಗೆ, ಒಬ್ಬನ ಹಕ್ಕು ಕಾಣಿಸುವುದಿಲ್ಲ. ಕಂದು ಬೆನ್ನು ಕಾಣಿಸುತ್ತದೆ. ಹಕ್ಕನ್ನು ಬಿಟ್ಟುಕೊಡದೆಯೂ ಅಂಗಿಯನ್ನು ಬದಲಾಯಿಸಬಹುದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಬಂದೂಕಿನ ಬೇಟೆ ನಡೆಯುವ ವಾರಗಳಲ್ಲಿ ಕಾಡನ್ನು ಬಿಟ್ಟು, ಅನುಮತಿಯಿರುವ ಕಡಲ ತೀರವನ್ನೋ ಊರೊಳಗಿನ ಬಯಲನ್ನೋ ಆರಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ನೂರೈವತ್ತು ವರ್ಷ ಮಣ್ಣಿನಲ್ಲಿದ್ದ ಗುಂಡಿಯು ಇನ್ನೊಂದು ತಿಂಗಳು ಅಲ್ಲಿಯೇ ಇದ್ದೀತು. ಹೋಗಲೇಬೇಕಾದರೆ ಬೇಟೆಯಿಲ್ಲದ ದಿನದಲ್ಲಿ ಹೋಗಬೇಕು. ಮೇನ್ ರಾಜ್ಯದಲ್ಲಿ ಭಾನುವಾರದ ಬೇಟೆಗೆ ಬಹುಕಾಲದ ನಿಷೇಧವಿದ್ದು, 2024ರಲ್ಲಿ ಅಲ್ಲಿಯ ಉಚ್ಚತಮ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು; ಪೆನ್ಸಿಲ್ವೇನಿಯದಲ್ಲಾದರೋ ಅಂಥ ನಿಷೇಧವು 2025ರಲ್ಲಿ ರದ್ದಾಯಿತು. ನಿಯಮಗಳನ್ನು ವರ್ಷವರ್ಷವೂ ಹೊಸದಾಗಿ ಓದಿಕೊಳ್ಳಬೇಕು. ಬೇಟೆಗಾರರು ಕಿತ್ತಳೆ ಟೋಪಿಯನ್ನೂ ಮೇಲಂಗಿಯನ್ನೂ ತೊಡಬೇಕೆಂದು ಮೇನ್ ರಾಜ್ಯದ ಕಾನೂನು ಹೇಳುತ್ತದೆ. ಹುಡುಕುವವನಿಗೆ ಆ ಕಟ್ಟಳೆಯಿಲ್ಲ. ಅವನು ತಾನಾಗಿಯೇ ಎರಡನ್ನೂ ತೊಡಲಿ. ಬಗ್ಗಿದಾಗ ಮೇಲೆ ಕಾಣುವುದು ಬೆನ್ನು. ಹೊತ್ತ ಚೀಲವು ಬೆನ್ನನ್ನು ಮುಚ್ಚುವಂತಿದ್ದರೆ ಚೀಲಕ್ಕೂ ಅದೇ ಬಟ್ಟೆ ಬೇಕು. ಬಿಳಿ, ಕಂದು ಬೇಡ. ಒಂದು ಕಿವಿಯಾದರೂ ತೆರೆದಿರಲಿ. ಜೊತೆಗೊಬ್ಬ ಗೆಳೆಯನಿರಲಿ, ಒಬ್ಬನು ಅಗೆಯುವಾಗ ಇನ್ನೊಬ್ಬನು ನಿಂತು ನೋಡಲಿ. ಬೇಟೆಗಾರನು ಕಂಡರೆ ಕೈ ಬೀಸದೆ ಸ್ಪಷ್ಟವಾಗಿ ಕೂಗಿ ಮಾತಾಡಲಿ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಯಂತ್ರವನ್ನು ಕಟ್ಟಿಡಲಿ. ಚಳಿಯಲ್ಲಿ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗಿ ಯಂತ್ರವೂ ದೂರವಾಣಿಯೂ ಬೇಗನೆ ಸೋಲುವುದರಿಂದ, ತಾನು ಹೋಗುವ ಸ್ಥಳವನ್ನು ಮನೆಯವರಿಗೆ ಮೊದಲೇ ತಿಳಿಸಿರಲಿ.

ನಮ್ಮ ನಾಡಿನಲ್ಲಿ ಬೇಟೆಯ ಋತುವೆಂಬುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯಿದೆಯು ವಿಧಿಸುತ್ತದೆ. ಹಾಳು ಗುಡಿಗಳಲ್ಲಿ ರಾತ್ರಿ ಅಗೆಯುವ ನಿಧಿಗಳ್ಳರು ಕಾಣಿಸಿಕೊಳ್ಳಲು ಅಂಜುವುದಕ್ಕೆ ಕಾರಣವಿದೆ. ಒಡೆಯನ ಒಪ್ಪಿಗೆ ಪಡೆದು ಹಗಲಿನಲ್ಲಿ ಹುಡುಕುವ ಪ್ರಾಮಾಣಿಕನಿಗೆ ಅಡಗುವ ಅಗತ್ಯವೇನಿದೆ?

ನನ್ನ ಶಿಷ್ಯನು ಮರಳಿ ಹೋಗುವ ಮುನ್ನ ಇಷ್ಟನ್ನೂ ಅವನಿಗೆ ಪತ್ರದಲ್ಲಿ ಬರೆದೆ. ಗುಂಡಿನ ವೇಗ, ಶಬ್ದದ ವೇಗಗಳನ್ನು ಹೋಲಿಸಿ ತಾನೇ ಲೆಕ್ಕಮಾಡಿ ನೋಡಿದನೆಂದೂ, ಟೋಪಿ, ಅಂಗಿಗಳನ್ನು ಕೊಂಡನೆಂದೂ ಉತ್ತರ ಬಂದಿದೆ. ಹಿತ್ತಾಳೆಯ ಗುಂಡಿ ಇಂದಿಗೂ ನನ್ನ ಮೇಜಿನ ಮೇಲಿದೆ. ಅದನ್ನು ಕಂಡಾಗಲೆಲ್ಲ, ಮೂರು ಸಲ ಕೂಗಿ, ಉತ್ತರ ಬಾರದಿದ್ದರೂ ಬಂದೂಕನ್ನು ಎತ್ತದೆ ನಡೆದು ಬಂದ ಆ ವೃದ್ಧನನ್ನು ನೆನೆಯುತ್ತೇನೆ. ಕಾಡಿನಲ್ಲಿರುವ ಎಲ್ಲರೂ ಆತನಂತೆಯೇ ಇರುವರೆಂದು ನಂಬಿ ಹೊರಡುವುದು ಮಾತ್ರ ವಿವೇಕವಲ್ಲ.